ಕಾಯಿಲೆಗೆ ಮೊದಲಿನ ಅಮ್ಮ ನೆನಪಿಗೆ ಬರುತ್ತಿಲ್ಲ

ಓದುಗರ ಪ್ರಶ್ನೆ: ನನಗೆ 51 ವರ್ಷ. ನನ್ನ ತಾಯಿಗೆ 72ನೇ ವಯಸ್ಸಿನಲ್ಲಿ ಅಲ್ಝೈಮರ್ ಕಾಯಿಲೆ ಶುರುವಾಯಿತು. ಒಂಬತ್ತು ವರ್ಷ ಬಳಲಿ, ಹತ್ತು ತಿಂಗಳ ಹಿಂದೆ ತೀರಿಕೊಂಡರು. ಕೊನೆಯ ಆರು ವರ್ಷ ನಮ್ಮ ಮನೆಯಲ್ಲೇ ಇದ್ದರು. ಆರೈಕೆಯ ಹೊಣೆ ಪೂರ್ತಿ ನನ್ನದಾಗಿತ್ತು. ಈಗ ಅವರನ್ನು ನೆನೆಯಲು ಕುಳಿತರೆ ಕಣ್ಣ ಮುಂದೆ ಬರುವುದು ಒಂದೇ ಮುಖ. ನಡುರಾತ್ರಿ ಬಾಗಿಲ ಚಿಲಕ ಜಗ್ಗುತ್ತ, ‘ನನ್ನ ಒಡವೆ ಕದ್ದವಳು ನೀನೇ, ನನ್ನನ್ನು ನನ್ನ ಮನೆಗೆ ಬಿಡು’ ಎಂದು ಕೂಗುತ್ತಿದ್ದ ಮುಖ. ಮೂವತ್ತು ವರ್ಷ ಗಣಿತ ಕಲಿಸಿದ, ನನಗೆ ಓದು ಹಚ್ಚಿಸಿದ ಅಮ್ಮ ಎಲ್ಲೋ ಅಳಿಸಿಹೋಗಿದ್ದಾರೆ. ಅವರ ಧ್ವನಿಯೂ ನೆನಪಾಗುತ್ತಿಲ್ಲ. ಅವರು ಹೋದ ದಿನ ನನಗೆ ಮೊದಲು ಆದದ್ದು ನಿರಾಳ. ಅದನ್ನು ನೆನೆದರೆ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ. ‘ಕಾಯಿಲೆಯ ಮಾತೆತ್ತಬೇಡ, ಒಳ್ಳೆಯದನ್ನಷ್ಟೇ ನೆನೆ’ ಎನ್ನುತ್ತಾನೆ ಅಣ್ಣ. ಮೊದಲ ವರ್ಷದ ದಿನ ಮನೆಯವರೆಲ್ಲ ಸೇರಿದಾಗ ನಾನು ನಾಲ್ಕು ಮಾತು ಹೇಳಬೇಕಿದೆ. ಏನು ಹೇಳಲಿ? 14 ವರ್ಷದ ನನ್ನ ಮಗಳಿಗಂತೂ ಅಜ್ಜಿ ಎಂದರೆ ಭಯದ ನೆನಪಷ್ಟೇ. ನನಗೆ ಹೀಗೆ ಮರೆವಾಗುತ್ತಿರುವುದು ಅದೇ ಕಾಯಿಲೆಯ ಮೊದಲ ಲಕ್ಷಣವೇ?

ತಜ್ಞರ ಉತ್ತರ:

ನಿಮ್ಮ ಪತ್ರದಲ್ಲಿ ಹಲವು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಆದರೆ ಎಲ್ಲದರ ಬುಡದಲ್ಲಿರುವುದು, ಕಾಯಿಲೆಯು ಅಮ್ಮನನ್ನು ಒಯ್ದದ್ದು ಸಾಲದೆ ಅವರ ನೆನಪನ್ನೂ ಒಯ್ದುಬಿಟ್ಟಿದೆ, ಇನ್ನು ಅದು ಮರಳುವುದಿಲ್ಲ ಎಂಬ ಆತಂಕ ಎಂದು ನನಗೆ ತೋರುತ್ತದೆ. ಡಿಮೆನ್ಷಿಯಾ (ಅಲ್ಝೈಮರ್ ಸೇರಿದಂತೆ ನೆನಪು, ಯೋಚನೆಯ ಶಕ್ತಿಯನ್ನು ಕುಂದಿಸುವ ಕಾಯಿಲೆಗಳ ಗುಂಪು) ರೋಗಿಗಳ ಹಾಗೂ ಅವರ ಮನೆಯವರ ಜೊತೆ ಕೆಲಸ ಮಾಡುವ ಮನೋವೈದ್ಯೆಯಾಗಿ ಈ ಮಾತನ್ನು ನಾನು ಮತ್ತೆ ಮತ್ತೆ ಕೇಳುತ್ತೇನೆ. ಬಹುಪಾಲು ಜನರಲ್ಲಿ ಹಳೆಯ ನೆನಪುಗಳು ಮರಳುವುದನ್ನೂ ಕಂಡಿದ್ದೇನೆ. ಅವು ಈಗ ಏಕೆ ಬರುತ್ತಿಲ್ಲ ಎಂಬುದು ತಿಳಿದರೆ, ಎಲ್ಲಿ ಹುಡುಕಬೇಕು ಎಂಬುದೂ ತಕ್ಕಮಟ್ಟಿಗೆ ತಿಳಿಯುತ್ತದೆ.

ಮೊದಲು ನಿಮ್ಮ ಕೊನೆಯ ಪ್ರಶ್ನೆಯ ಒಂದು ಭಾಗವನ್ನು ಇಲ್ಲೇ ಮುಗಿಸುತ್ತೇನೆ. ಅಲ್ಝೈಮರ್ ಕಾಯಿಲೆಯ ಆರಂಭದಲ್ಲಿ ಸಾಮಾನ್ಯವಾಗಿ ಕೈಕೊಡುವುದು ಹೊಸ ನೆನಪು: ಬೆಳಿಗ್ಗೆ ಯಾರೊಡನೆ ಮಾತಾಡಿದೆ, ಈಗಷ್ಟೇ ಏನು ಕೇಳಿದೆ ಎಂಬಂಥದ್ದು. ಹಳೆಯದು ಬಹಳ ಕಾಲ ಉಳಿದಿರುತ್ತದೆ. ನಿಮ್ಮಲ್ಲಿ ಆಗುತ್ತಿರುವುದು ಇದಕ್ಕೆ ತಿರುಗುಮುರುಗು. ಇತ್ತೀಚಿನದು ಅತಿಯಾಗಿ ನೆನಪಾಗುತ್ತಿದೆ, ಹಿಂದಿನದು ಅದರ ಮರೆಯಲ್ಲಿ ನಿಂತಿದೆ. ಇದು ಶೋಕದ ಮತ್ತು ದೀರ್ಘಕಾಲದ ದಣಿವಿನ ಪರಿಣಾಮವೆಂದು ಹೇಳಲು ನಿಮ್ಮ ಪತ್ರದಲ್ಲಿ ಬೇಕಾದಷ್ಟು ಆಧಾರವಿದೆ. ದಿನನಿತ್ಯದ ಕೆಲಸಗಳಲ್ಲೂ ಮರೆವು ಕಾಡುತ್ತಿದ್ದರೆ ವೈದ್ಯರಿಗೆ ತೋರಿಸಿಕೊಳ್ಳಿ. ನಿದ್ರೆಯ ಕೊರತೆ, ಖಿನ್ನತೆ, ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ ಇವೆಲ್ಲವೂ ಮರೆವನ್ನು ತರುತ್ತವೆ, ಇವಕ್ಕೆಲ್ಲ ಚಿಕಿತ್ಸೆಯೂ ಇದೆ.

ಇನ್ನು ಆ ಒಂದೇ ಮುಖದ ವಿಚಾರ. ಅದು ಪ್ರೀತಿ ಕಡಿಮೆಯಾದ ಗುರುತು ಎಂದು ಅನೇಕರು ತಮ್ಮನ್ನು ತಾವೇ ದೂಷಿಸಿಕೊಳ್ಳುತ್ತಾರೆ, ಅದು ನಿಜವಲ್ಲ. ಭಯ, ಗಾಬರಿ, ಅವಮಾನಗಳ ಹೊತ್ತಿನಲ್ಲಿ ದೇಹದಲ್ಲಿ ಉಕ್ಕುವ ಒತ್ತಡದ ಹಾರ್ಮೋನುಗಳು ಮೆದುಳಿನ ಅಮಿಗ್ಡಲಾ ಎಂಬ ಭಾಗವನ್ನು ಎಚ್ಚರಿಸುತ್ತವೆ, ಅದು ಪಕ್ಕದಲ್ಲಿರುವ, ಹೊಸ ನೆನಪುಗಳನ್ನು ದಾಖಲಿಸುವ ಹಿಪೊಕ್ಯಾಂಪಸ್‌ನಲ್ಲಿ ಆ ಗಳಿಗೆಯ ನೆನಪು ಗಟ್ಟಿಯಾಗಿ ಕೂರುವಂತೆ ಮಾಡುತ್ತದೆ. ನಡುರಾತ್ರಿ ಚಿಲಕದ ಸದ್ದಿಗೆ ಎದ್ದು ಓಡಿದ ಒಂದೊಂದು ರಾತ್ರಿಯೂ ಹೀಗೆ ಬರೆದುಕೊಂಡಿದೆ. ಅದಕ್ಕೂ ಹಿಂದಿನ ಸಾವಿರಾರು ಸಾಧಾರಣ ಸಂಜೆಗಳು, ಅಮ್ಮ ಉತ್ತರ ಪತ್ರಿಕೆ ತಿದ್ದುತ್ತ ಕುಳಿತಿರುವಾಗ ನೀವು ಪಕ್ಕದಲ್ಲಿ ಓದುತ್ತಿದ್ದಿರಬಹುದಾದ ಸಂಜೆಗಳು, ಬಿಡಿಬಿಡಿಯಾಗಿ ಉಳಿಯದೆ ಒಂದರಲ್ಲೊಂದು ಬೆರೆತುಹೋಗಿರುತ್ತವೆ. ಸುಖದ ದಿನಗಳ ನೆನಪು ಮಸುಕಾಗಿರುವುದಕ್ಕೆ ಅವು ಸುಖದ ದಿನಗಳಾಗಿದ್ದದ್ದೇ ಒಂದು ಕಾರಣ. ಇದಕ್ಕೆ ಇನ್ನೊಂದು ಅಂಶವೂ ಸೇರುತ್ತದೆ. ಮನೋವಿಜ್ಞಾನಿ ಡೇನಿಯಲ್ ಕಾನಮನ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ತೋರಿಸಿದಂತೆ, ಒಂದು ಅನುಭವವನ್ನು ಹಿಂತಿರುಗಿ ನೋಡುವಾಗ ಮನಸ್ಸು ಅದರ ಉದ್ದವನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅತ್ಯಂತ ತೀವ್ರವಾದ ಗಳಿಗೆಗೂ ಕೊನೆಗೂ ಹೆಚ್ಚು ತೂಕ ಕೊಡುತ್ತದೆ. ಅವರು ಅಳೆದದ್ದು ನಿಮಿಷಗಳ ಅನುಭವವನ್ನು. ಆದರೆ 72 ವರ್ಷದ ಆರೋಗ್ಯವಂತ ಬದುಕನ್ನು ಒಂಬತ್ತು ವರ್ಷದ ಕಾಯಿಲೆ ಹೇಗೆ ಮರೆಮಾಡುತ್ತದೆ ಎಂದು ಯೋಚಿಸುವಾಗ ನನಗೆ ಆ ಮಾತು ನೆನಪಾಗುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದ, ಆದರೆ ಯಾರೂ ಅಷ್ಟಾಗಿ ಗಮನಿಸದ ಕಾರಣ ಬೇರೆಯೇ ಇದೆ. ಮನೆಯ ನೆನಪುಗಳನ್ನು ನಾವು ಒಬ್ಬೊಬ್ಬರೇ ಹೊತ್ತಿರುವುದಿಲ್ಲ. ಅರ್ಧ ನಮ್ಮ ತಲೆಯಲ್ಲಿರುತ್ತದೆ, ಉಳಿದರ್ಧ ಜೊತೆಗಿರುವವರ ತಲೆಯಲ್ಲಿ. ‘ಆವತ್ತು ಮಳೆಯಲ್ಲಿ ಬಸ್ಸು ಕೆಟ್ಟು ನಿಂತಿತ್ತಲ್ಲ’ ಎಂದು ಒಬ್ಬರು ಎತ್ತಿದರೆ, ‘ಹೌದು, ನೀನು ಚಪ್ಪಲಿ ಕಳೆದುಕೊಂಡು ಅಳುತ್ತಿದ್ದೆ’ ಎಂದು ಇನ್ನೊಬ್ಬರು ತುಂಬುತ್ತಾರೆ. ಹೀಗೆ ಹಂಚಿಕೊಂಡು ಇಟ್ಟುಕೊಳ್ಳುವ ನೆನಪಿನ ಬಗ್ಗೆ ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ 1980ರ ದಶಕದಲ್ಲೇ ಬರೆದಿದ್ದರು. ನಿಮ್ಮ ಬಾಲ್ಯದ ವಿಚಾರದಲ್ಲಿ ನಿಮಗಿದ್ದ ಬಹುದೊಡ್ಡ ಪಾಲುದಾರರು ನಿಮ್ಮ ತಾಯಿ. ಅವರ ನೆನಪು ಕುಸಿಯತೊಡಗಿದ ದಿನದಿಂದ ಆ ಮಾತುಕತೆ ನಿಂತಿತು. ನೀವು ಹಳೆಯದನ್ನು ಎತ್ತಿದರೆ ಅವರಿಗೆ ಗೊಂದಲ, ಅವರಿಗೆ ಗೊಂದಲವಾದರೆ ನಿಮಗೆ ಸಂಕಟ. ಆಮೇಲೆ ನೀವು ಎತ್ತುವುದನ್ನೇ ಬಿಟ್ಟಿರಬೇಕು. ಒಂಬತ್ತು ವರ್ಷ ಯಾರೂ ಮುಟ್ಟದ ನೆನಪು ಕೈಗೆ ಸುಲಭವಾಗಿ ಸಿಗದಿರುವುದು ಸಹಜ. ಅದು ನಾಶವಾಗಿಲ್ಲ, ಬಳಕೆ ತಪ್ಪಿದೆ.

ಮೊಬೈಲ್ ಫೋನನ್ನೂ ಇಲ್ಲಿ ಹೆಸರಿಸಬೇಕು. ಹೆಚ್ಚಿನ ಮನೆಗಳಲ್ಲಿ ಕಾಯಿಲೆಯ ವರ್ಷಗಳ ಚಿತ್ರಗಳು ನೂರಾರು ಇರುತ್ತವೆ, ವೈದ್ಯರಿಗೆ ತೋರಿಸಲೆಂದು ತೆಗೆದ ವಿಡಿಯೊಗಳೂ ಇರುತ್ತವೆ. ಅದಕ್ಕೆ ಮೊದಲಿನವು ಯಾವುದೋ ಆಲ್ಬಮ್ಮಿನಲ್ಲಿ ಹತ್ತಿಪ್ಪತ್ತು. ಫೋನು ತಾನಾಗಿ ಎತ್ತಿ ತೋರಿಸುವುದೂ ಕೊನೆಯ ದಿನಗಳನ್ನೇ. ಆ ವಿಡಿಯೊಗಳನ್ನು ಅಳಿಸಬೇಕಿಲ್ಲ, ದಿನವೂ ಕಣ್ಣಿಗೆ ಬೀಳದ ಜಾಗಕ್ಕೆ ಸಾಗಿಸಿದರೆ ಸಾಕು.

ನಿಮ್ಮನ್ನು ಕಳ್ಳಿ ಎಂದ ಆ ತಾಯಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಆ ಮಾತು ಇನ್ನೂ ನಿಮ್ಮೊಳಗೆ ಚುಚ್ಚುತ್ತಿರುವುದು ಪತ್ರದಲ್ಲಿ ಕಾಣುತ್ತದೆ. ಅಲ್ಝೈಮರ್ ಕಾಯಿಲೆಯಲ್ಲಿ ನರಕೋಶಗಳ ಹೊರಗೆ ಅಮಿಲಾಯ್ಡ್, ಒಳಗೆ ಟೌ ಎಂಬ ಪ್ರೋಟೀನುಗಳು ಅಸಹಜವಾಗಿ ಕಟ್ಟಿಕೊಂಡು ಕೋಶಗಳು ಸಾಯುತ್ತವೆ. ಸಾಮಾನ್ಯವಾಗಿ ಮೊದಲು ಪೆಟ್ಟು ತಿನ್ನುವುದು ಹಿಪೊಕ್ಯಾಂಪಸ್ ಮತ್ತು ಅದರ ಆಸುಪಾಸು. ಹೀಗಾಗಿ ಅವರು ಒಡವೆಯನ್ನು ಎಲ್ಲೋ ಎತ್ತಿಟ್ಟದ್ದು ಅವರ ಮೆದುಳಿನಲ್ಲಿ ದಾಖಲಾಗಲೇ ಇಲ್ಲ. ಅವರ ಪಾಲಿಗೆ ನಿಜವಾಗಿದ್ದದ್ದು ಇಷ್ಟೇ: ಒಡವೆ ಇಟ್ಟ ಜಾಗದಲ್ಲಿಲ್ಲ, ತಾನು ತೆಗೆದಿಲ್ಲ, ಮನೆಯಲ್ಲಿ ಇನ್ನೊಬ್ಬರು ಓಡಾಡುತ್ತಿದ್ದಾರೆ. ಇದರಿಂದ ‘ಕದ್ದಿದ್ದಾರೆ’ ಎಂಬ ತೀರ್ಮಾನಕ್ಕೆ ಬರುವುದು, ಕೈಗೆ ಸಿಕ್ಕ ಚೂರುಪಾರಿನಿಂದ ಜಗತ್ತನ್ನು ಅರ್ಥಮಾಡಿಕೊಳ್ಳಲು ಒಂದು ಮೆದುಳು ಮಾಡುವ ಕೊನೆಯ ಪ್ರಯತ್ನ. ಕಳ್ಳತನದ ಆರೋಪ ಈ ಕಾಯಿಲೆಯಲ್ಲಿ ತೀರಾ ಸಾಮಾನ್ಯ. ಅದು ಹೆಚ್ಚಾಗಿ ಬೀಳುವುದು ಅತಿ ಹತ್ತಿರ ನಿಂತು ಆರೈಕೆ ಮಾಡುವವರ ಮೇಲೆಯೇ; ದೂರದಲ್ಲಿರುವ ಮಕ್ಕಳ ಮೇಲೆ ಬೀಳುವುದು ಕಡಿಮೆ. ‘ನನ್ನ ಮನೆಗೆ ಬಿಡು’ ಎಂಬ ಮಾತೂ ನಿಮ್ಮ ಮನೆಯ ತಿರಸ್ಕಾರವಲ್ಲ. ಸಂಜೆ ಮತ್ತು ರಾತ್ರಿ ಗೊಂದಲ ಹೆಚ್ಚಿದಾಗ ಸುತ್ತಲಿನ ಎಲ್ಲವೂ ಅಪರಿಚಿತವೆನಿಸಿ, ಪರಿಚಿತವಾದ ನೆಲೆಗಾಗಿ ಹಂಬಲಿಸುವ ಮಾತು ಅದು. ತಾವು ಕಟ್ಟಿಸಿ ಬಾಳಿದ ಮನೆಯಲ್ಲೇ ಕುಳಿತು ಹೀಗೆನ್ನುವವರೂ ಇದ್ದಾರೆ.

ಹಾಗಾದರೆ ಆಗ ಅಲ್ಲಿದ್ದದ್ದು ನಿಮ್ಮ ತಾಯಿಯೇ ಅಲ್ಲವೇ? ‘ಅವರು ಎಂದೋ ಹೋಗಿಬಿಟ್ಟಿದ್ದರು, ಉಳಿದದ್ದು ಬರೀ ದೇಹ’ ಎಂದು ಸಮಾಧಾನ ಹೇಳುವವರು ನಿಮಗೂ ಸಿಕ್ಕಿರಬಹುದು. ನಾನು ಆ ಮಾತನ್ನು ಒಪ್ಪುವುದಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ ಅಲ್ಝೈಮರ್ ರೋಗಿಗಳಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ನೋಡಿದ್ದೇನು ಎಂಬುದು ಅವರಿಗೆ ಬೇಗನೆ ಮರೆತುಹೋಯಿತು, ಆದರೆ ಅದರಿಂದ ಹುಟ್ಟಿದ ಭಾವ ಆ ಮರೆವಿನ ಆಚೆಗೂ ಉಳಿದಿತ್ತು. ನೀವು ಕೈಹಿಡಿದು ಸಮಾಧಾನಪಡಿಸಿದ ರಾತ್ರಿಗಳನ್ನು ಅವರು ಮರೆತಿರಬಹುದು. ಆ ಸಮಾಧಾನ ಅವರಿಗೆ ಸ್ವಲ್ಪ ಹೊತ್ತಾದರೂ ಒದಗಿತ್ತು. ಕೊನೆಯ ವರ್ಷಗಳೂ ಅವರ ಬದುಕಿನವೇ. ಆ ವರ್ಷಗಳನ್ನು ಕತ್ತರಿಸಿ ಎಸೆದರೆ ನಿಮ್ಮ ಆರೈಕೆಯನ್ನೂ ಎಸೆದಂತಾಗುತ್ತದೆ.

ನಿರಾಳದ ಬಗ್ಗೆ ನೀವು ಬಳಸಿದ ‘ಅಸಹ್ಯ’ ಎಂಬ ಪದ ನನ್ನನ್ನು ಬಹಳ ಕಾಡಿತು. ರಿಚರ್ಡ್ ಶುಲ್ಜ್ ಮತ್ತು ಸಂಗಡಿಗರು ಡಿಮೆನ್ಷಿಯಾ ರೋಗಿಗಳ ಆರೈಕೆ ಮಾಡಿದ 217 ಮನೆಯವರನ್ನು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ, 72 ಪ್ರತಿಶತ ಮಂದಿ ಆ ಸಾವು ತಮಗೆ ನಿರಾಳ ತಂದಿತೆಂದು ಹೇಳಿದ್ದರು. ರೋಗಿಗೂ ಅದು ಬಿಡುಗಡೆಯೇ ಆಗಿತ್ತು ಎಂದು ನಂಬಿದವರು 90 ಪ್ರತಿಶತಕ್ಕೂ ಹೆಚ್ಚು. ಅವರೆಲ್ಲ ಪ್ರೀತಿಸದ ಮಕ್ಕಳಲ್ಲ, ಪ್ರೀತಿಸದ ಸಂಗಾತಿಗಳಲ್ಲ. ಮನುಷ್ಯ ಕಣ್ಣೆದುರಿಗಿದ್ದೂ ನಮ್ಮ ಪಾಲಿಗೆ ಇಲ್ಲದಂತಾಗುವ ನಷ್ಟದ ಬಗ್ಗೆ ಪಾಲಿನ್ ಬಾಸ್ ಎಂಬ ತಜ್ಞೆ 1970ರ ದಶಕದಿಂದ ಕೆಲಸ ಮಾಡಿದ್ದಾರೆ. ಇಂಥ ನಷ್ಟಕ್ಕೆ ಸಾವಿನಂತೆ ಒಂದು ದಿನಾಂಕವಿಲ್ಲ, ಊರಿನವರ ಸಾಂತ್ವನವಿಲ್ಲ, ಅಳಲು ಅನುಮತಿಯೂ ಇಲ್ಲ. ಅವರು ನಿಮ್ಮ ಹೆಸರು ಮರೆತ ದಿನವೇ ನೀವು ಒಮ್ಮೆ ಅವರನ್ನು ಕಳೆದುಕೊಂಡಿದ್ದಿರಿ, ಆದರೆ ಆ ದಿನವೂ ಔಷಧಿ ಕೊಟ್ಟು, ಬಟ್ಟೆ ಬದಲಿಸಿ, ಮಲಗಿಸಬೇಕಿತ್ತು. ಅವರ ನರಳಾಟ ಮುಗಿಯಿತು ಎಂಬುದಕ್ಕೆ ನಿರಾಳವಾಗುವುದು, ಅವರು ಇನ್ನಿಲ್ಲ ಎಂಬುದಕ್ಕೆ ದುಃಖವಾಗುವುದು ಎರಡೂ ಒಟ್ಟಿಗೇ ಇರಬಲ್ಲವು. ಶೋಕಕ್ಕೆ ಐದು ಹಂತಗಳಿವೆ, ಅವು ಸಾಲಾಗಿ ಬರಬೇಕು ಎಂದು ಯಾರಾದರೂ ಹೇಳಿದ್ದರೆ ಅದನ್ನೂ ಬದಿಗಿಡಿ. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ವಿವರಿಸಿದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳ ಬಗ್ಗೆ. ಬದುಕಿ ಉಳಿದವರಿಗೆ ಅದು ವೇಳಾಪಟ್ಟಿಯಲ್ಲ.

ಅಣ್ಣನ ಸಲಹೆ ಪ್ರೀತಿಯಿಂದಲೇ ಬಂದಿದೆ, ಆದರೆ ಅದು ಫಲಿಸುವ ಸಾಧ್ಯತೆ ಕಡಿಮೆ. ಇದೇ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದು ಹೇಳಿಸಿಕೊಂಡವರಿಗೆ ಆ ಕರಡಿ ಮತ್ತೆ ಮತ್ತೆ ನೆನಪಿಗೆ ಬಂತು. ಆ ನಿರ್ಬಂಧ ತೆಗೆದ ಮೇಲಂತೂ ಇನ್ನೂ ಹೆಚ್ಚಾಯಿತು. ಚಿಲಕ ಜಗ್ಗುವ ಮುಖವನ್ನು ಒತ್ತಿ ಹಿಡಿದಷ್ಟೂ ಅದು ಮೇಲೇಳುತ್ತದೆ. ಅಣ್ಣ ಎಷ್ಟು ಹತ್ತಿರದಿಂದ ಆ ರಾತ್ರಿಗಳನ್ನು ಕಂಡಿದ್ದರೋ ಪತ್ರದಿಂದ ತಿಳಿಯುವುದಿಲ್ಲ. ಕಂಡಿಲ್ಲದಿದ್ದರೆ ಅವರಿಗೆ ಹಳೆಯ ಅಮ್ಮ ಸುಲಭವಾಗಿ ನೆನಪಾಗುವುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಅವರ ತಪ್ಪೆಂದು ತಿಳಿಯದೆ, ಅವರಲ್ಲಿರುವುದನ್ನು ಕೇಳಿ ಪಡೆದುಕೊಳ್ಳಿ.

ನಾನು ಮೊದಲು ಸೂಚಿಸುವ ದಾರಿಯೂ ಇದೇ: ನಿಮ್ಮ ತಾಯಿಯ ನೆನಪನ್ನು ಹೊತ್ತಿರುವ ಬೇರೆಯವರ ಬಳಿಗೆ ಹೋಗುವುದು. ಮೂವತ್ತು ವರ್ಷ ಪಾಠ ಮಾಡಿದವರಿಗೆ ವಿದ್ಯಾರ್ಥಿಗಳಿರುತ್ತಾರೆ, ಸಹೋದ್ಯೋಗಿಗಳಿರುತ್ತಾರೆ. ಒಡಹುಟ್ಟಿದವರು, ನೆರೆಯವರು ಇರಬಹುದು. ‘ಅಮ್ಮ ಹೇಗಿದ್ದರು’ ಎಂದು ಕೇಳಿದರೆ ‘ಬಹಳ ಒಳ್ಳೆಯವರು’ ಎಂಬ ಉತ್ತರ ಸಿಗುತ್ತದೆ, ಅದರಿಂದ ಏನೂ ಪ್ರಯೋಜನವಿಲ್ಲ. ಲೆಕ್ಕ ತಪ್ಪಿದಾಗ ಏನೆನ್ನುತ್ತಿದ್ದರು, ಯಾವ ಕೈಯಲ್ಲಿ ಡಸ್ಟರ್ ಹಿಡಿಯುತ್ತಿದ್ದರು, ಸಿಟ್ಟು ಬಂದರೆ ಧ್ವನಿ ಏರುತ್ತಿತ್ತೇ ತಗ್ಗುತ್ತಿತ್ತೇ ಎಂದು ಕೇಳಿ. ಅವರ ಒಂದು ವಿವರ ನಿಮ್ಮಲ್ಲಿ ಮಲಗಿರುವ ಹತ್ತನ್ನು ಎಬ್ಬಿಸುತ್ತದೆ. ಇದರಲ್ಲೂ ಅಪಾಯವಿಲ್ಲದಿಲ್ಲ. ನಿಮಗೆ ಇಷ್ಟವಾಗದ ಸಂಗತಿಗಳೂ ಕಿವಿಗೆ ಬೀಳಬಹುದು. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಹೊಂದದಿರಬಹುದು. ಕೇಳಿದ್ದು ಕ್ರಮೇಣ ಕಂಡದ್ದರ ಜೊತೆ ಬೆರೆತುಹೋಗಬಹುದು. ಎಲ್ಲ ನೆನಪೂ ಸ್ವಲ್ಪ ಮಟ್ಟಿಗೆ ಹಾಗೆಯೇ ಕಟ್ಟಿಕೊಳ್ಳುತ್ತದೆ, ಅದಕ್ಕೆ ಹೆದರಬೇಕಿಲ್ಲ.

ವಸ್ತುಗಳೂ ಇದೇ ಕೆಲಸ ಮಾಡುತ್ತವೆ, ಆದರೆ ಎಲ್ಲ ವಸ್ತುಗಳೂ ಅಲ್ಲ. ಮೆದುಳಿನ ಮುಂಭಾಗದ ಕಾಯಿಲೆಯಿಂದ ಹೆಂಡತಿಯನ್ನು ಕಳೆದುಕೊಂಡ ಒಬ್ಬರು ನನ್ನ ಬಳಿ ಬರುತ್ತಿದ್ದರು. ಕೊನೆಯ ವರ್ಷಗಳಲ್ಲಿ ಆಕೆ ಮಾತನ್ನೇ ಕಳೆದುಕೊಂಡಿದ್ದರು, ಅದಕ್ಕೆ ಮೊದಲು ಪ್ರತಿ ಮಾತಿಗೂ ವಾದ ಹೂಡುವವರಂತೆ. ಗೋಡೆಯ ಮೇಲಿನ ಮದುವೆಯ ಚಿತ್ರ ಅವರಿಗೆ ಏನನ್ನೂ ಹೇಳುತ್ತಿರಲಿಲ್ಲ. ಒಮ್ಮೆ ಆಕೆಯ ಹಳೆಯ ಪುಸ್ತಕವೊಂದನ್ನು ತಂದು ನನ್ನ ಮೇಜಿನ ಮೇಲೆ ತೆರೆದಿಟ್ಟರು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಓರೆಯಾಗಿ, ಕಾಗದ ಹರಿಯುವಷ್ಟು ಒತ್ತಿ ಬರೆದಿತ್ತು: ‘ಸುಳ್ಳು. ಯಾರು ಹೇಳಿದ್ದು?’ ಅದನ್ನು ಓದಿದ ಕೂಡಲೇ ಆಕೆಯ ಧ್ವನಿ ಕೇಳಿಸಿತು ಎಂದರು. ಧ್ವನಿ ನೆನಪಾಗುತ್ತಿಲ್ಲ ಎಂದು ನೀವು ಬರೆದಿದ್ದೀರಿ. ನಿಮ್ಮ ತಾಯಿ ತಿದ್ದಿದ ಪುಸ್ತಕಗಳು, ಬರೆದಿಟ್ಟ ಲೆಕ್ಕಗಳು, ಮಡಚಿಟ್ಟ ಚೀಟಿಗಳು ಎಲ್ಲಾದರೂ ಇದ್ದರೆ ಅವನ್ನು ಫೋಟೊಗಳಿಗಿಂತ ಮೊದಲು ಹುಡುಕಿ. ಹಳೆಯ ಕ್ಯಾಸೆಟ್ ಅಥವಾ ಸಮಾರಂಭದ ವಿಡಿಯೊ ಸಿಕ್ಕರೆ ರಾತ್ರಿ ಒಬ್ಬರೇ ಕೇಳಬೇಡಿ; ಹಗಲು ಹೊತ್ತು, ಯಾರಾದರೂ ಜೊತೆಗಿರುವಾಗ ಕೇಳಿ. ಅದು ಅಪ್ಪಳಿಸುವ ರಭಸ ಮುಂಚಿತವಾಗಿ ಊಹೆಗೆ ನಿಲುಕುವಂಥದ್ದಲ್ಲ.

ತೀರಿಕೊಂಡವರ ಧ್ವನಿಯನ್ನು ಕೃತಕ ಬುದ್ಧಿಮತ್ತೆಯಿಂದ ಮರುಸೃಷ್ಟಿಸಿ ಮಾತಾಡಿಸುವ ಸೌಲಭ್ಯಗಳ ಬಗ್ಗೆ ಈಗ ಹಲವರು ವಿಚಾರಿಸುತ್ತಾರೆ. ನಿಮ್ಮ ಸ್ಥಿತಿಯಲ್ಲಿ ಅದನ್ನು ನಾನು ಸೂಚಿಸಲಾರೆ. ನಿಮ್ಮ ತೊಂದರೆಯೇ ನಿಜವಾದ ಅಮ್ಮನ ಮೇಲೆ ಬೇರೊಂದು ಮುಖ ಕವಿದಿರುವುದು. ಅವರು ಎಂದೂ ಆಡದ ಮಾತುಗಳನ್ನು ಅವರ ಧ್ವನಿಯಲ್ಲಿ ಕೇಳಿದರೆ ಅವರ ಮೇಲೆ ಮೂರನೆಯ ಮುಖವೊಂದು ಕೂರುತ್ತದೆ.

ಬರೆಯುವುದು ಹಲವರಿಗೆ ಒದಗುತ್ತದೆ, ಎಲ್ಲರಿಗೂ ಅಲ್ಲ. ಬರೆಯುವುದಾದರೆ ಆ ರಾತ್ರಿಯನ್ನೂ ಬರೆಯಿರಿ, ಆದರೆ ಚಿಲಕದ ಸದ್ದಿಗೆ ನಿಲ್ಲಿಸದೆ ಮುಂದೇನಾಯಿತು ಎಂಬಲ್ಲಿಯವರೆಗೆ ಬರೆಯಿರಿ: ಅವರು ಹೇಗೆ ಸುಮ್ಮನಾದರು, ನೀವು ಏನು ಮಾಡಿದಿರಿ, ಯಾವಾಗ ಬೆಳಗಾಯಿತು. ಮನಸ್ಸು ಗಾಬರಿಯ ತುದಿಯಲ್ಲೇ ದೃಶ್ಯವನ್ನು ಕತ್ತರಿಸಿಟ್ಟುಕೊಂಡಿರುತ್ತದೆ. ಉಳಿದದ್ದನ್ನು ಜೋಡಿಸಿದಾಗ ಅದರ ಹರಿತ ಕೆಲವರಲ್ಲಿ ಕಡಿಮೆಯಾಗುತ್ತದೆ. ಬರೆಯುವಾಗ ಎದೆ ಡವಗುಟ್ಟಿ, ಬೆವರಿ, ಆಮೇಲೆ ದಿನಗಟ್ಟಲೆ ನಿದ್ರೆ ಕೆಟ್ಟರೆ ಒಬ್ಬರೇ ಮುಂದುವರಿಸಬೇಡಿ. ಆ ದೃಶ್ಯ ನೆನಪಾಗಿ ಬರದೆ ಈಗಲೇ ನಡೆಯುತ್ತಿರುವಂತೆ ನುಗ್ಗುತ್ತಿದ್ದರೆ, ಚಿಲಕದ ಸದ್ದಿಗೆ ಇಂದಿಗೂ ಬೆಚ್ಚಿ ಏಳುತ್ತಿದ್ದರೆ ಅದು ಆಘಾತದ ಲಕ್ಷಣ, ಅದಕ್ಕೆ ನಿರ್ದಿಷ್ಟ ಚಿಕಿತ್ಸೆಗಳಿವೆ. ಶೋಕ ಯಾವಾಗ ಕಾಯಿಲೆಯ ಮಟ್ಟಕ್ಕೆ ಏರಿತೆಂದು ಹೇಳಲು ವೈದ್ಯರು ಅವಧಿಯನ್ನೂ ನೋಡುತ್ತಾರೆ: ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿ ಕನಿಷ್ಠ ಆರು ತಿಂಗಳು, ಅಮೆರಿಕದ ಮನೋವೈದ್ಯರ ಸಂಘದ 2022ರ ಕೈಪಿಡಿಯಲ್ಲಿ ವಯಸ್ಕರಿಗೆ ಕನಿಷ್ಠ ಹನ್ನೆರಡು ತಿಂಗಳು. ಅವಧಿಯೊಂದೇ ಸಾಲದು, ತೀವ್ರ ಹಂಬಲ ದಿನವೂ ಕಾಡಿ, ಕೆಲಸಕಾರ್ಯ ನಿಂತು, ಬದುಕು ಅರ್ಥಹೀನವೆನಿಸುವುದೂ ಅದರಲ್ಲಿ ಸೇರಿದೆ. ಸಾಯಬೇಕೆನಿಸಿದರೆ ಯಾವ ಅವಧಿಯನ್ನೂ ಎಣಿಸದೆ ಆ ದಿನವೇ ವೈದ್ಯರನ್ನು ಕಾಣಿ.

ನಿಮ್ಮ ಕೊನೆಯ ಪ್ರಶ್ನೆಯ ಹಿಂದೆ ಇನ್ನೊಂದು ಆತಂಕವೂ ಇದೆ: ತಾಯಿಯ ಕಾಯಿಲೆ ವಂಶದಿಂದ ನನಗೂ ಬರುತ್ತದೆಯೇ? ಅದಕ್ಕೆ ಚಿಕ್ಕ ಉತ್ತರ ಸಾಕು. ಅಲ್ಝೈಮರ್ ಕಾಯಿಲೆಯನ್ನು ಖಚಿತವಾಗಿ ತರುವ ವಂಶವಾಹಿ ದೋಷಗಳು (ಎಪಿಪಿ, ಪ್ರೆಸೆನಿಲಿನ್-1, ಪ್ರೆಸೆನಿಲಿನ್-2) ಇರುವುದು ಶೇಕಡಾ ಒಂದಕ್ಕಿಂತ ಕಡಿಮೆ ರೋಗಿಗಳಲ್ಲಿ, ಅಂಥವರಿಗೆ ಸಾಮಾನ್ಯವಾಗಿ 65ಕ್ಕೆ ಮೊದಲೇ ಕಾಯಿಲೆ ಕಾಣಿಸುತ್ತದೆ. ನಿಮ್ಮ ತಾಯಿಗೆ ಶುರುವಾದದ್ದು 72ರಲ್ಲಿ. ಹೆತ್ತವರಲ್ಲಿ ಒಬ್ಬರಿಗೆ ಇದ್ದರೆ ನಿಮ್ಮ ಸಾಧ್ಯತೆ ಇತರರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎಪಿಒಇ-4 ಎಂಬ ವಂಶವಾಹಿ ಬಗೆಯೂ ಸಾಧ್ಯತೆಯನ್ನು ಹೆಚ್ಚಿಸುತ್ತದೆಯೇ ಹೊರತು ಭವಿಷ್ಯವನ್ನು ನಿರ್ಧರಿಸುವುದಿಲ್ಲ. ಆಪ್ತಸಮಾಲೋಚನೆಯಿಲ್ಲದೆ ಅದರ ಪರೀಕ್ಷೆ ಮಾಡಿಸಿಕೊಂಡರೆ ಲಾಭಕ್ಕಿಂತ ಕಳವಳವೇ ಹೆಚ್ಚು. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಹೇಳಿದಂತೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡುತನ, ಧೂಮಪಾನ, ಒಂಟಿತನ ಸೇರಿದಂತೆ 14 ಅಂಶಗಳನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು 45 ಪ್ರತಿಶತವನ್ನು ತಡೆಯುವ ಅಥವಾ ಮುಂದೂಡುವ ಅವಕಾಶವಿದೆ. ಆರು ವರ್ಷ ನಿಮ್ಮ ಆರೋಗ್ಯವನ್ನು ನೀವು ನೋಡಿಕೊಂಡಿರಲಾರಿರಿ. ರಕ್ತದೊತ್ತಡ, ಸಕ್ಕರೆ, ಕಿವಿ, ಕಣ್ಣುಗಳ ತಪಾಸಣೆಯಿಂದ ಶುರುಮಾಡಿ.

ಮೊದಲ ವರ್ಷದ ದಿನ ಎರಡನ್ನೂ ಹೇಳಿ: ಗಣಿತ ಕಲಿಸಿದ ಅಮ್ಮನನ್ನೂ, ಕೊನೆಗೆ ನಿಮ್ಮ ಹೆಸರು ಮರೆತ ಅಮ್ಮನನ್ನೂ. ಕಾಯಿಲೆಯ ಬಗ್ಗೆ ಎರಡು ಮೂರು ವಾಕ್ಯ ಸಾಕು. ಅದನ್ನು ಬಿಟ್ಟುಬಿಟ್ಟರೆ ಅಲ್ಲಿ ಕುಳಿತಿರುವ ನಿಮ್ಮ ಮಗಳಿಗೆ, ತಾನು ಕಂಡ ಅಜ್ಜಿಯ ಬಗ್ಗೆ ಮಾತಾಡುವಂತಿಲ್ಲ ಎಂಬ ಪಾಠವಾಗುತ್ತದೆ. ಅವಳ ಜೊತೆ ಅದಕ್ಕಿಂತ ಮೊದಲೇ ಮಾತಾಡಿ. ‘ಅಜ್ಜಿ ಒಳ್ಳೆಯವರಾಗಿದ್ದರು’ ಎಂದು ಒಪ್ಪಿಸುವುದಕ್ಕೆ ಮುಂಚೆ ‘ನಿನಗೆ ಯಾವುದಕ್ಕೆ ಭಯವಾಗುತ್ತಿತ್ತು’ ಎಂದು ಕೇಳಿ. ಅವಳು ಹೇಳಿದ್ದನ್ನು ತಿದ್ದದೆ ಪೂರ್ತಿ ಕೇಳಿಸಿಕೊಳ್ಳಿ. ಮೆದುಳಿನಲ್ಲಿ ಏನಾಗಿತ್ತು ಎಂಬುದನ್ನು 14 ವರ್ಷದವಳು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲಳು. ಹಳೆಯ ವಿದ್ಯಾರ್ಥಿಗಳನ್ನೋ ಬಂಧುಗಳನ್ನೋ ಮಾತಾಡಿಸಲು ಹೋಗುವಾಗ, ಅವಳಿಗೆ ಮನಸ್ಸಿದ್ದರೆ, ಅವಳನ್ನೂ ಕರೆದುಕೊಂಡು ಹೋಗಿ. ನಿಮಗೆ ಹೊಳೆಯದ ಪ್ರಶ್ನೆಗಳು ಅವಳಲ್ಲಿ ಇರುತ್ತವೆ.